ಕಾಲು ಹಿಡಿಯುವವರು

ಕಾಲು ಹಿಡಿಯುವುದು ಮರ್ಯಾದಸ್ಥರ ಕೆಲಸವೆಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಸಾಲ ಕೊಟ್ಟವನ ಕಾಲು, ವರ್ಗ ಮಾಡಿಸುವವನ ಕಾಲು, ಮಗಳ ಮದುವೆಯ ಹೊತ್ತಿಗೆ ಬೀಗರ ಕಾಲು—ಹೀಗೆ ಹಿಡಿಯಬೇಕಾದ ಕಾಲುಗಳು ಸಂಸಾರಸ್ಥನಿಗೆ ಅನೇಕ. ಹಿಡಿದವನು ಅದನ್ನು ಊರಿನಲ್ಲಿ ಹೇಳಿಕೊಳ್ಳುವುದಿಲ್ಲ. ಹಿಡಿದ ಕಾಲನ್ನು ಬಿಡದೆ ಬಿದ್ದಿದ್ದರೆ ಸುತ್ತಲಿನ ಜನ ಎದ್ದು ನಿಂತು ಶಿಳ್ಳೆ ಹಾಕುವ ಸ್ಥಳ, ನಾನು ಬಲ್ಲಂತೆ, ಒಂದೇ. ಅದು ಕಬಡ್ಡಿಯ ಅಂಕಣ. ಅಲ್ಲಿಯೂ ಆ ಶಿಳ್ಳೆಗೆ ಆಯುಸ್ಸು ಕಡಿಮೆ. ಮರುದಿನ ಚಹದಂಗಡಿಯ ಬೆಂಚಿನ ಮೇಲೆ ಮಾತಿಗೆ ಬರುವುದು ದಾಳಿಗೆ ಹೋಗಿ ಬಂದವನ ಹೆಸರು. ಕಾಲು ಹಿಡಿದವನ ಹೆಸರು ಅವನ ತಾಯಿಗೆ ನೆನಪಿದ್ದರೆ ಅದೇ ಹೆಚ್ಚು.

ಈ ತಾರತಮ್ಯದಿಂದ ಹುಟ್ಟಿದ ಜಿಜ್ಞಾಸೆಯೊಂದು ನಮ್ಮ ಊರಿನಲ್ಲಿ ವರ್ಷಕ್ಕೊಮ್ಮೆ ತಪ್ಪದೆ ತಲೆಯೆತ್ತುತ್ತದೆ. ನಮ್ಮೂರು ಶಿಕಾರಿಪುರಕ್ಕೂ ಸೊರಬಕ್ಕೂ ನಡುವೆ, ಶಿರಾಳಕೊಪ್ಪದಿಂದ ಒಂದಿಷ್ಟು ಒಳಗೆ ಇದೆ. ಭತ್ತ, ಮೆಕ್ಕೆಜೋಳಗಳ ಒಕ್ಕಣೆ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲಕ್ಕೆ ಸುತ್ತಲಿನ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಗಳು ಶುರುವಾಗುತ್ತವೆ. ಹುಡುಗರು ಮನೆಮನೆಗೆ ಬಂದು ಚಂದಾ ಎತ್ತುತ್ತಾರೆ. ಆಮೇಲೆ ದೇವಸ್ಥಾನದ ಕಟ್ಟೆಯ ಮೇಲೆ ಸಭೆ ಸೇರುತ್ತದೆ. ಆ ಹಣದಲ್ಲಿ ಹೊರಗಿನಿಂದ ಹೆಸರಾಂತ ರೈಡರ್ ಒಬ್ಬನನ್ನು ಕರೆಸಬೇಕೇ, ಇಲ್ಲವೆ ಊರಿನ ಏಳು ಹುಡುಗರೇ ಆಡಬೇಕೇ ಎಂಬುದೇ ಪ್ರಶ್ನೆ.

ಕರೆಸಬೇಕೆನ್ನುವ ಪಕ್ಷಕ್ಕೆ ಶಿಕಾರಿಪುರದ ನಿವೃತ್ತ ಮೇಷ್ಟರೊಬ್ಬರು ಮುಖಂಡರು. ಬೇಡವೆನ್ನುವ ಪಕ್ಷಕ್ಕೆ ನನ್ನ ಭಾವ, ಎಂದರೆ ನನ್ನ ಹೆಂಡತಿಯ ಅಣ್ಣ, ಸೊರಬದವರು. ಇಬ್ಬರಿಗೂ ನಮ್ಮೂರಲ್ಲಿ ಮತವಿಲ್ಲ. ಆದರೆ ಮೇಷ್ಟರ ಜಮೀನು ಇಲ್ಲಿದೆ. ಭಾವನ ಕಿರಿಯ ಮಗ ನಮ್ಮ ಮನೆಯಲ್ಲಿದ್ದು ಶಿರಾಳಕೊಪ್ಪದ ಕಾಲೇಜಿಗೆ ಹೋಗುತ್ತಾನೆ, ನಮ್ಮೂರ ತಂಡದಲ್ಲಿ ಎಡ ಮೂಲೆಗೆ ನಿಲ್ಲುತ್ತಾನೆ. ಆದುದರಿಂದ ಇಬ್ಬರಿಗೂ ಮಾತನಾಡುವ ಹಕ್ಕು ಇದೆಯೆಂದು ಇಬ್ಬರೂ ತೀರ್ಮಾನಿಸಿಕೊಂಡಿದ್ದಾರೆ.

ಮೇಷ್ಟರ ವಾದ ಸಾಮಾನ್ಯವಾದುದಲ್ಲ. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ತಂಡ ಪ್ರೊ ಕಬಡ್ಡಿಯ ಕಪ್ಪನ್ನು ಮೊದಲ ಸಲ ಗೆದ್ದಿತು. ಗುಜರಾತಿನ ಮೇಲೆ 38–33. ಆ 38ರಲ್ಲಿ 22 ಅಂಕ ಪವನ್ ಸೆಹ್ರಾವತ್ ಒಬ್ಬರದೇ. ಅದಕ್ಕೆ ಹಿಂದೆ 2017ರ ಪಂದ್ಯಾವಳಿಯಲ್ಲಿ ಪಟ್ನಾದ ಪರ್‌ದೀಪ್ ನರ್ವಾಲ್ 369 ಅಂಕ ಗಳಿಸಿ ತಂಡಕ್ಕೆ ಸತತವಾಗಿ ಮೂರನೆಯ ಕಪ್ಪು ತಂದುಕೊಟ್ಟರು. “ಇದಕ್ಕಿಂತ ಸಾಕ್ಷಿ ಬೇಕೇನ್ರೀ? ಹಿಡಿಯೋರು ಊರಿಗೆ ಹತ್ತು ಜನ ಸಿಕ್ತಾರೆ. ಮುಟ್ಟಿ ಬರೋನು ಜಿಲ್ಲೆಗೊಬ್ಬ” ಎಂದು ಮೇಷ್ಟರು ಕಟ್ಟೆಯನ್ನು ಗುದ್ದುತ್ತಾರೆ.

ಭಾವ ಗುದ್ದುವವರಲ್ಲ, ಎಲೆಯಡಿಕೆ ಹಾಕಿಕೊಂಡು ಸಾವಕಾಶವಾಗಿ ಮಾತು ತೆಗೆಯುವವರು. “ಮಾರಾಯ್ರೆ, ಅದೇ 2019ರ ಅಕ್ಟೋಬರದಲ್ಲಿ ಬಂಗಾಳದವರು ಗೆದ್ದರಲ್ಲ, ಅವರ ದೊಡ್ಡ ರೈಡರ್ ಮಣಿಂದರ್ ಸಿಂಗ್ ಫೈನಲ್ ದಿನ ಎಲ್ಲಿದ್ದ?” ಎಂದು ಕೇಳುತ್ತಾರೆ. ಅವರು ಗಾಯಗೊಂಡು ಹೊರಗಿದ್ದರು. ಆದರೂ ದೆಹಲಿಯನ್ನು 39–34ರಲ್ಲಿ ಬಂಗಾಳ ಸೋಲಿಸಿತು. 2022ರಲ್ಲಿ ತಮಿಳು ತಲೈವಾಸ್ ತಂಡ 2.26 ಕೋಟಿ ರೂಪಾಯಿ ಕೊಟ್ಟು ಪವನರನ್ನು ಕೊಂಡಿತು. ನಮ್ಮ ಬೆಂಗಳೂರಿನ ಕಂಠೀರವದಲ್ಲಿ ಮೊದಲ ಪಂದ್ಯದಲ್ಲೇ ಅವರ ಮೊಣಕಾಲಿಗೆ ಪೆಟ್ಟಾಯಿತು. ಆ ವರ್ಷಪೂರ್ತಿ ಮತ್ತೆ ಆಡಲಿಲ್ಲ. ಅಲ್ಲಿಯವರೆಗೆ ಒಮ್ಮೆಯೂ ಸೆಮಿಫೈನಲ್ ಕಾಣದಿದ್ದ ಆ ತಂಡ, ಅವರಿಲ್ಲದ ಆ ವರ್ಷವೇ ಸೆಮಿಫೈನಲ್ ತಲುಪಿತು! ಮರುವರ್ಷದ ಹರಾಜಿನಲ್ಲಿ ತೆಲುಗು ಟೈಟನ್ಸ್ 2.605 ಕೋಟಿಗೆ ಅವರನ್ನೇ ಕೊಂಡು, ಇಪ್ಪತ್ತೆರಡು ಪಂದ್ಯಗಳಲ್ಲಿ ಎರಡನ್ನು ಗೆದ್ದು ಕಟ್ಟಕಡೆಗೆ ನಿಂತಿತು. ಅದೇ ಹರಾಜಿನಲ್ಲಿ ಪುಣೆಯವರು 2.35 ಕೋಟಿ ಸುರಿದದ್ದು ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಯ ಮೇಲೆ. ಆತ ಮುಖ್ಯವಾಗಿ ಹಿಡಿಯುವವನು. 2024ರ ಮಾರ್ಚಿಯಲ್ಲಿ ಕಪ್ಪು ಪುಣೆಗೆ ಹೋಯಿತು. 2019ರ ಬಂಗಾಳಕ್ಕೂ 2024ರ ಪುಣೆಗೂ ಗುರುವಾಗಿದ್ದವರು ನಮ್ಮ ಕರ್ನಾಟಕದವರೇ ಆದ ಬಿ. ಸಿ. ರಮೇಶ್ ಎಂಬುದನ್ನು ಹೇಳುವಾಗ ಭಾವನ ಧ್ವನಿ ಸ್ವಲ್ಪ ಏರುತ್ತದೆ.

ಈ ವ್ಯಾಜ್ಯ ನಮ್ಮ ಕಟ್ಟೆಗೇ ಮೀಸಲಾದುದೆಂದು ನಾನು ತಿಳಿದಿದ್ದೆ. ಭಾವನ ಹಿರಿಯ ಮಗ ಅಮೆರಿಕದಲ್ಲಿದ್ದಾನೆ. ಅವನು ಬಂದಾಗ ಕೇಳಿದರೆ ಅಲ್ಲಿಯೂ ಇದೇ ಗೋಳು. ಅವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚಂತೆ. ಮುಂದಕ್ಕೆ ದೂರ ಓಡಿ, ಹಿಂದಿನಿಂದ ಎಸೆದ ಚೆಂಡನ್ನು ಹಿಡಿಯುವವನು ವೈಡ್ ರಿಸೀವರ್. ಜನ ಹುಚ್ಚೆದ್ದು ನೋಡುವುದು ಅವನನ್ನು. 2022ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ತಂಡ ಅಲ್ಲಿನ ದೊಡ್ಡ ಕಪ್ಪನ್ನು ಗೆದ್ದಾಗ ಶ್ರೇಷ್ಠ ಆಟಗಾರನೆನಿಸಿದ್ದು ಅಂಥವನೇ ಒಬ್ಬ, ಕೂಪರ್ ಕಪ್. ಮುಂದಿನ ತಿಂಗಳೇ ಕ್ಯಾನ್ಸಸ್ ಸಿಟಿಯವರು ತಮ್ಮ ಮಿಂಚಿನ ಓಟಗಾರ ಟೈರೀಕ್ ಹಿಲ್‌ನನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟರು. ಊರೆಲ್ಲ ಅಯ್ಯೋ ಎಂದಿತು. ಆ ತಂಡ 2023ರಲ್ಲೂ 2024ರಲ್ಲೂ ಕಪ್ಪು ಗೆದ್ದಿತು. ಅಂತೂ ಎರಡು ಪಕ್ಷಕ್ಕೂ ಸಾಕ್ಷಿ ಸಿಗುವ ವ್ಯಾಜ್ಯವಿದು. ಇಂಥವು ಕೋರ್ಟಿನಲ್ಲಿ ತಲೆಮಾರುಗಟ್ಟಲೆ ನಡೆಯುತ್ತವೆ.

ನಮ್ಮ ಸೀಮೆಯ ಜನ ರೈಡರನ ಮೇಲೆ ಇಷ್ಟು ಮೋಹ ಇಟ್ಟುಕೊಂಡಿರುವುದಕ್ಕೆ ಒಂದು ಕಾರಣ ನನಗೆ ತೋರುತ್ತದೆ. ದೀಪಾವಳಿಯ ನಂತರ ಶಿಕಾರಿಪುರ ಸೊರಬಗಳ ಕಡೆ ಹೋರಿ ಹಬ್ಬ ನಡೆಯುವುದನ್ನು ಓದುಗರು ಕೇಳಿರಬಹುದು. ಜೂಲ, ಬಲೂನು, ಕೊರಳಿಗೆ ಕೊಬ್ಬರಿಯ ಹಾರ ಇಷ್ಟನ್ನು ತೊಡಿಸಿದ ಹೋರಿಯನ್ನು ಜನರ ನಡುವೆ ಬಿಡುತ್ತಾರೆ. ಎರಡು ಕಡೆಯಿಂದಲೂ ಕೈಗಳು ಮೇಲೆ ಬೀಳುತ್ತವೆ. ಯಾರಿಗೂ ಕೊಬ್ಬರಿ ಕೊಡದೆ ಪಾರಾಗಿ ಹೋದ ಹೋರಿಗೆ ಹೆಸರು. ಅದರ ಚಿತ್ರ ಅಂಗಡಿಗಳಲ್ಲಿ, ಬಸ್ಸುಗಳ ಗಾಜಿನ ಮೇಲೆ. ಏಳು ಜನರ ನಡುವೆ ಒಬ್ಬನೇ ನುಗ್ಗಿ ಮೈ ಕೊಸರಿಕೊಂಡು ಬರುವವನನ್ನು ನಮ್ಮವರು ಹೋರಿಯನ್ನು ನೋಡಿದ ಕಣ್ಣಿನಿಂದಲೇ ನೋಡುತ್ತಾರೆ. ಆದರೆ ಹೋರಿಗೆ ತಂಡವಿಲ್ಲ. ಹಗ್ಗ ಬಿಚ್ಚಿದ ಮೇಲೆ ಅದರ ಕಾಲೇ ಅದಕ್ಕೆ ಗತಿ.

ಕಬಡ್ಡಿಯ ಕಾನೂನು ಹಾಗಲ್ಲ. ಹಿಡಿಸಿಕೊಂಡ ರೈಡರ್ ಎಷ್ಟೇ ದೊಡ್ಡವನಾದರೂ ಹೊರಗೆ ಹೋಗಿ ಕೂರಬೇಕು. ಅವನ ತಂಡ ಎದುರಾಳಿಯನ್ನು ಮುಟ್ಟಿಯೋ ಹಿಡಿದೋ ಅಂಕ ಗಳಿಸಿದರೆ, ಹೊರಗೆ ಹೋದವರು ಹೋದ ಸರದಿಯಲ್ಲೇ ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಬೋನಸ್ ಅಂಕಕ್ಕೆ ಈ ಜೀವದಾನದ ಶಕ್ತಿಯಿಲ್ಲ. ಎದುರಾಳಿಗೆ ಇದೆಲ್ಲ ಗೊತ್ತು. ದೊಡ್ಡವನು ಹೊರಗೆ ಕೂತ ಕೂಡಲೇ ಅವರು ಅವಸರ ಮಾಡುವುದಿಲ್ಲ. ಬಂದು ಗೆರೆಯ ಹತ್ತಿರ ನಾಲ್ಕು ಹೆಜ್ಜೆ ಹಾಕಿ, ಮೂವತ್ತು ಸೆಕೆಂಡು ಕಳೆದು, ಬರಿಗೈಯಲ್ಲಿ ಹಿಂತಿರುಗುತ್ತಾರೆ. ಎರಡು ಸಲ ಹೀಗೆ ಮಾಡಬಹುದು. ಮೂರನೆಯ ಸಲ ಅಂಕ ತರದಿದ್ದರೆ ಬಂದವನೇ ಔಟು. ಆ ಮೂರನೆಯ ದಾಳಿಗಾಗಿ ಕಾದು, ಬಂದವನ ಕಾಲಿಗೆ ಬೀಳಬೇಕಾದವನು ಮೂಲೆಯ ಹುಡುಗ. ಅವನು ಬಿಟ್ಟರೆ ಕೋಟಿಯ ರೈಡರ್ ಕೂತೇ ಇರುತ್ತಾನೆ. ಭಾವನ ಮಗ ಒಮ್ಮೆ ಊಟಕ್ಕೆ ಕೂತಾಗ ತಲೆಯೆತ್ತದೆ ಹೇಳಿದ: “ಯಾರನ್ನಾದರೂ ಕರೆಸಿ ಮಾವ. ಅವನು ಔಟಾದರೆ ಒಳಗೆ ತರೋದು ನಾನೇ ತಾನೆ?” ಮೇಷ್ಟರ, ಭಾವನ ಎಲ್ಲ ಅಂಕಿಸಂಖ್ಯೆಗಳಿಗಿಂತ ಈ ಮಾತು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ.

ಇನ್ನೊಂದು ಮಾತು. ನಮ್ಮೆರಡು ತಾಲ್ಲೂಕುಗಳಲ್ಲಿ ವೀರಗಲ್ಲಿಲ್ಲದ ಹಾದಿ ಕಡಿಮೆ. ಬಿ. ಎಲ್. ರೈಸ್ ಸಾಹೇಬರು 1902ರಲ್ಲೂ 1904ರಲ್ಲೂ ಹೊರತಂದ ಶಾಸನ ಸಂಪುಟಗಳಲ್ಲಿ ಶಿಕಾರಿಪುರ ಸೊರಬಗಳ ಕಲ್ಲುಗಳೇ ನೂರಾರು. ಅವುಗಳಲ್ಲಿ ಎಷ್ಟೋ ಕಲ್ಲುಗಳ ಕಥೆ ತುರುಗೋಳಿನದು: ಯಾರೋ ದಾಳಿ ಬಂದು ಊರ ದನ ಹೊಡೆದುಕೊಂಡು ಹೊರಟರು, ಊರವನೊಬ್ಬ ಅಡ್ಡ ನಿಂತು ಕಾದಾಡಿ, ದನ ಮರಳಿಸಿ, ಸತ್ತ. ಕೆಳಗಿನ ಪಟ್ಟಿಕೆಯಲ್ಲಿ ಅವನ ಯುದ್ಧ, ನಡುವಿನಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುವುದು, ಮೇಲೆ ಕೈಲಾಸ. ದಾಳಿ ಬಂದವನಿಗೆ ನಮ್ಮ ಹಿರಿಯರು ಆ ಕಲ್ಲನ್ನು ನಿಲ್ಲಿಸಲಿಲ್ಲ, ತಡೆದವನಿಗೆ ನಿಲ್ಲಿಸಿದರು. ಅದೇ ಕಲ್ಲಿಗೆ ಒರಗಿ ಕೂತು ನಾವು ಇಂದು ಕಬಡ್ಡಿ ನೋಡುತ್ತ ರೈಡರನ ಹೆಸರು ಕೂಗುತ್ತೇವೆ.

ಇಷ್ಟಾಗಿಯೂ ನಾನು ಭಾವನ ಪಕ್ಷವನ್ನು ಪೂರ್ತಿ ಸೇರಲಾರೆ. ಮೂರು ವರ್ಷದ ಕೆಳಗೆ ಮೇಷ್ಟರು ಗೆದ್ದು, ನಮ್ಮೂರಿಗೆ ಹೊರಗಿನ ರೈಡರ್ ಬಂದ. ಸಂಜೆಯ ಬಸ್ಸಿಗೆ ಇಳಿದ, ರಾತ್ರಿ ಆಡಿದ, ಬೆಳಗಿನ ಬಸ್ಸಿಗೆ ಹೋದ. ಕಪ್ಪು ನಮಗೇ ಬಂತು. ಅದು ಈಗಲೂ ದೇವಸ್ಥಾನದ ಬೀರುವಿನಲ್ಲಿ ಉತ್ಸವದ ಛತ್ರಿಯ ಪಕ್ಕದಲ್ಲಿದೆ. ಅವನ ಆಟ ಆಟವೇ. ಅದನ್ನು ಕಂಡ ಕಣ್ಣು ಸುಳ್ಳು ಹೇಳಬಾರದು. ಅವನು ಆಡಿದ ಜಾಗದಲ್ಲಿ ಆಡಬೇಕಾಗಿದ್ದ ನಮ್ಮ ಹುಡುಗನೊಬ್ಬ, ಇಡೀ ಮಳೆಗಾಲ ಕೆಸರಿನಲ್ಲಿ ಅಭ್ಯಾಸ ಮಾಡಿದವನು, ಟವೆಲು ಹಿಡಿದು ಗೆರೆಯ ಹೊರಗೆ ನಿಂತಿದ್ದ. ಮರುವರ್ಷ ಆ ರೈಡರ್ ಸೊರಬದ ಕಡೆಯ ತಂಡಕ್ಕೆ ಹೆಚ್ಚಿನ ಹಣಕ್ಕೆ ಆಡಿದ. ಟವೆಲು ಹಿಡಿದವನು ಅಷ್ಟರಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದ. ನಮಗೆ ಆ ವರ್ಷ ದಾಳಿಗೆ ಕಳಿಸಲು ಯಾರೂ ಇರಲಿಲ್ಲ. ಹಿಡಿಯುವವರು ಹಿಡಿದೇ ಹಿಡಿದರು. ಹಿಡಿದುದರಿಂದಲೇ ಪಂದ್ಯ ಗೆಲ್ಲಲಾಗುವುದಿಲ್ಲವೆಂಬುದನ್ನೂ ಊರು ಅಂದು ನೋಡಿತು.

ಈ ಸಲದ ಸಭೆಯಲ್ಲಿ ಎರಡು ಪಕ್ಷದವರೂ ತಮ್ಮ ತಮ್ಮ ಪವನ, ಮಣಿಂದರರನ್ನು ಎಳೆದು ತಂದು ಮುಗಿಸಿದ ಮೇಲೆ ನಾನು ಎದ್ದು ನಿಂತೆ. ದೊಡ್ಡ ರೈಡರನನ್ನು ಕರೆಸೋಣ, ಆದರೆ ಪಂದ್ಯದ ರಾತ್ರಿಗೆ ಬೇಡ; ಅದಕ್ಕೆ ಹದಿನೈದು ದಿನ ಮೊದಲು ಕರೆಸೋಣ ಎಂದೆ. ದಿನವೂ ಸಂಜೆ ಅವನು ನಮ್ಮ ಹುಡುಗರ ಮೇಲೆ ದಾಳಿಗೆ ಬರಲಿ. ಮೂಲೆಯವನು ಅವನ ಕಾಲು ಹಿಡಿದು ಹಿಡಿದು ಕಲಿಯಲಿ. ದಾಳಿಗೆ ಹೋಗುವ ಹುಡುಗ ಅವನ ಪಕ್ಕದಲ್ಲಿ ನಿಂತು ಹೆಜ್ಜೆ ನೋಡಿಕೊಳ್ಳಲಿ. ಪಂದ್ಯದ ದಿನ ಏಳು ಜನವೂ ಊರವರೇ ಇರಲಿ. ಸೋತರೆ ಮುಂದಿನ ವರ್ಷಕ್ಕೆ ಏಳು ಜನವಾದರೂ ಉಳಿಯುತ್ತಾರೆ.

ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಮೇಷ್ಟರು ಭಾವನ ಮುಖ ನೋಡಿದರು. ಭಾವ ಎಲೆಯಡಿಕೆ ಉಗುಳಲು ಎದ್ದು ಹೋದರು. ಕೊನೆಗೆ ಖಜಾಂಚಿಯೇ ಬಾಯಿ ತೆಗೆದ: “ಎಲ್ಲಾ ಸರಿ ಸ್ವಾಮಿ. ರೈಡರ್ ಅಂದರೆ ದಿನಕ್ಕೆ ಆರು ಮೊಟ್ಟೆ, ಎರಡು ಲೀಟರ್ ಹಾಲು. ಹದಿನೈದು ದಿನದ ಊಟ ಯಾರ ಮನೆಯಲ್ಲಿ?”

ನಮ್ಮ ಮನೆಯಲ್ಲೇ ಎಂದು ಹೇಳಿಬಿಟ್ಟೆ. ಸಭೆ ಚಪ್ಪಾಳೆ ತಟ್ಟಿ ಒಪ್ಪಿತು. ಮನೆಯಲ್ಲಿ ಇನ್ನೂ ಹೇಳಿಲ್ಲ. ಯಾರ ಕಾಲು ಹಿಡಿಯಬೇಕೆಂಬುದು ಗೊತ್ತಿದೆ, ಸಮಯ ನೋಡುತ್ತಿದ್ದೇನೆ.