ಗೆಲ್ಲಿಸಿದವರ ಮತವೇ ಹೋಯಿತು

ಐರ್ಲೆಂಡಿನ ಪಶ್ಚಿಮಕ್ಕೆ ಕ್ಲೇರ್ ಅಂತ ಒಂದು ಹಳ್ಳಿಗಾಡಿನ ಕೌಂಟಿ. ಬ್ರಿಟಿಷ್ ಸಾಮ್ರಾಜ್ಯದ ಕಾಲದಲ್ಲಿ ಲಂಡನ್ನಿನ ಪಾರ್ಲಿಮೆಂಟಿಗೆ ಅಲ್ಲಿಂದಲೂ ಸದಸ್ಯರು ಹೋಗುತ್ತಿದ್ದರು. 1828ರ ಉಪಚುನಾವಣೆಗೆ ಕ್ಯಾಥೊಲಿಕರ ನಾಯಕ ಡೇನಿಯಲ್ ಓಕಾನೆಲ್ ನಿಂತರು. ಕ್ಯಾಥೊಲಿಕರು ತಮ್ಮ ನಂಬಿಕೆಗೆ ವಿರುದ್ಧವಾದ ಪ್ರಮಾಣವಚನದ ಕಾರಣಕ್ಕೆ ಸದನದಲ್ಲಿ ಕೂರುವಂತಿರಲಿಲ್ಲ. ಚುನಾವಣೆಗೆ ನಿಲ್ಲಬಾರದು ಅಂತ ಮಾತ್ರ ಯಾರೂ ಬರೆದಿಟ್ಟಿರಲಿಲ್ಲ!

ಗುಪ್ತ ಮತದಾನ ಇನ್ನೂ ಬಂದಿರದ ಕಾಲ. ಎಲ್ಲರೆದುರು ಹೆಸರು ಹೇಳಬೇಕು. ಧಣಿಯ ಮಾತು ಮೀರಿದರೆ ಒಕ್ಕಲೆಬ್ಬಿಸುವ ಭಯ. ಆದರೂ ವರ್ಷಕ್ಕೆ 40 ಶಿಲ್ಲಿಂಗ್ ಬೆಲೆಯ ತುಂಡು ನೆಲದ ರೈತರು ಓಕಾನೆಲ್ ಹೆಸರನ್ನೇ ಹೇಳಿದರು. ಓಕಾನೆಲ್‌ಗೆ 2,057 ಮತ, ಎದುರಾಳಿಯಾಗಿದ್ದ ಸರ್ಕಾರದ ಮಂತ್ರಿಗೆ 982.

ಬೆಚ್ಚಿದ ಸರ್ಕಾರ 1829ರಲ್ಲಿ ಕ್ಯಾಥೊಲಿಕರಿಗೆ ಸದನದ ಬಾಗಿಲು ತೆರೆಯಿತು. ಅದರ ಬೆನ್ನಿಗೇ ಇನ್ನೊಂದು ಕಾಯ್ದೆ: ಕೌಂಟಿಯ ಮತದಾರನಾಗಲು ಇನ್ನು ವರ್ಷಕ್ಕೆ 10 ಪೌಂಡ್ ಬೆಲೆಯ ನೆಲ ಬೇಕು. 40 ಶಿಲ್ಲಿಂಗ್ ಅಂದರೆ ಎರಡು ಪೌಂಡ್, ಹಾಗಾಗಿ ಒಂದೇ ಏಟಿಗೆ ಐದು ಪಟ್ಟು. ಉಳ್ಳವರಿಗೆ ಕುರ್ಚಿ ಸಿಕ್ಕಿತು, ಗೆಲ್ಲಿಸಿದ ಬಡವರ ಮತ ಹೋಯಿತು. ಓಕಾನೆಲ್ ಇದರ ವಿರುದ್ಧ ಗಟ್ಟಿಯಾಗಿ ಹೋರಾಡಲಿಲ್ಲ ಅನ್ನೋದು ನನಗಂತೂ ಜೀರ್ಣವಾಗದ ಸಂಗತಿ.

ಮುಂದೆ 1917ರಲ್ಲಿ ಇದೇ ಕೌಂಟಿಯ ಪೂರ್ವ ಕ್ಲೇರ್‌ನವರು ಐರಿಷ್ ಸ್ವಾತಂತ್ರ್ಯ ಹೋರಾಟಗಾರ ಡಿ ವಲೇರಾ ಅವರನ್ನು ಆರಿಸಿದರು. ಓಕಾನೆಲ್ ಹೋರಾಡಿ ಬಾಗಿಲು ತೆರೆಸಿದ ಲಂಡನ್ನಿನ ಆ ಸದನಕ್ಕೆ ಅವರು ಬೇಕೆಂದೇ ಕಾಲಿಡಲಿಲ್ಲ.