ಅಸೈನ್‌ಮೆಂಟು ಬರೆದವರಾರು?

ಸೋದರಿಯರೇ, ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಚಾಟ್‌ಜಿಪಿಟಿ ಅನ್ನೋ ಹೆಸರು ಈಗ ಅಡುಗೆಮನೆಯವರೆಗೂ ಬಂದಿರಲೇಬೇಕು. 2022ರ ನವೆಂಬರ್ ಕೊನೆಯಲ್ಲಿ ಬಂದದ್ದು ಅದು. ವಿಷಯ ಕೊಟ್ಟರೆ ಹಾಲು ಉಕ್ಕುವಷ್ಟರಲ್ಲಿ ನಾಲ್ಕು ಪುಟದ ಪ್ರಬಂಧ ಸಿದ್ಧ!

ನನ್ನ ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಳೆ. ಹೋದ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗದ ಮೇಲೆ ಅಸೈನ್‌ಮೆಂಟು ಕೊಟ್ಟಿದ್ದರು. ಮೂರು ರಾತ್ರಿ ಕೂತು ಬರೆದಳು. ಕಾಫಿ ಮಾಡಿಕೊಟ್ಟವಳೇ ನಾನು. ಕಾಲೇಜಿನವರು ಅದನ್ನು ಯಾವುದೋ ಪತ್ತೆ ಮಾಡುವ ಸಾಫ್ಟ್‌ವೇರಿಗೆ ಹಾಕಿ, "ಇದು ಯಂತ್ರ ಬರೆದದ್ದು" ಎಂದು ಇಂಟರ್ನಲ್ಸ್‌ಗೆ ಸೊನ್ನೆ ಕೊಟ್ಟರು. ಹುಡುಗಿ ಊಟ ಬಿಟ್ಟು ಮಲಗಿದಳು. ನಮ್ಮವರು, "ಹೋಗ್ಲಿ ಬಿಡು, ಮುಂದಿನ ಸಲ ನೋಡ್ಕೊಂಡ್ರಾಯ್ತು" ಅಂದರು. ಗಂಡಸರಿಗೆ ಎಲ್ಲವೂ ಹೋಗ್ಲಿ ಬಿಡು!

ನನಗೆ ತಡೆಯಲಿಲ್ಲ. ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುವ ಅಕ್ಕನ ಮಗಳಿಗೆ ಫೋನು ಹಚ್ಚಿದೆ. "ಚಿಕ್ಕಮ್ಮ, ಅವಳೊಬ್ಬಳಿಗೇ ಅಲ್ಲ ಹೀಗಾಗಿದ್ದು" ಎಂದಳು. ಚಾಟ್‌ಜಿಪಿಟಿ ಮಾಡಿದ ಕಂಪನಿಯೇ ಇಂಥದೊಂದು ಸಾಧನ ಬಿಟ್ಟು, ಸರಿಯಾಗಿ ಹೇಳುವುದಿಲ್ಲವೆಂದು 2023ರ ಜುಲೈನಲ್ಲಿ ತಾನೇ ನಿಲ್ಲಿಸಿತಂತೆ. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಪರೀಕ್ಷಿಸಿದಾಗ, ಇಂಗ್ಲಿಷು ಮನೆಮಾತಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಈ ಸಾಧನಗಳು ಯಂತ್ರದ್ದೆಂದವು. ಕಾರಣವೂ ಇದೆ. ಪುಸ್ತಕ ನೋಡಿ ಇಂಗ್ಲಿಷು ಕಲಿತವರು ಗೊತ್ತಿರುವ ಕೆಲವೇ ಪದಗಳಲ್ಲಿ ನೇರವಾಗಿ ಬರೆಯುತ್ತಾರೆ. ಯಂತ್ರವೂ ಸುಲಭವಾಗಿ ಊಹಿಸಬಹುದಾದ ಪದಗಳನ್ನೇ ಜೋಡಿಸುತ್ತದೆ. ನಮ್ಮ ಊರಿನ ಮಕ್ಕಳ ಇಂಗ್ಲಿಷು ಇನ್ನೆಂಥದು, ನೀವೇ ಹೇಳಿ?

ಬರೆಸುವುದು ಬರೀ ಭಾಷಾ ಅಧ್ಯಾಪಕರ ಕೆಲಸವಲ್ಲ, ವಿಜ್ಞಾನದವರೂ ಕಾಮರ್ಸಿನವರೂ ಬರೆಸಬೇಕು ಅನ್ನುವ ಪದ್ಧತಿ ಅಲ್ಲಿ 1970ರ ದಶಕದಿಂದಲೇ ಇದೆಯಂತೆ. ಬರೆಯುತ್ತ ಬರೆಯುತ್ತಲೇ ವಿಷಯ ಕಲಿಯುತ್ತೇವೆ ಎಂದು ಜಾನೆಟ್ ಎಮಿಗ್ ಎಂಬಾಕೆ 1977ರಲ್ಲಿ ವಾದಿಸಿದ್ದರು. ಹಾಗಾಗಿ ಈಗಲೂ ಎಷ್ಟೋ ಮಂದಿ ಕೊನೆಯ ಪ್ರತಿಯೊಂದನ್ನೇ ನೋಡದೆ ಮೊದಲ ಕರಡು, ತಿದ್ದಿದ ಕರಡು ಎಲ್ಲ ಕೇಳುತ್ತಾರೆ, ಎದುರು ಕೂರಿಸಿಕೊಂಡು ನಾಲ್ಕು ಪ್ರಶ್ನೆ ಹಾಕುತ್ತಾರೆ. ಹೋಳಿಗೆ ತಂದವಳನ್ನು ಕಣಕ ಎಷ್ಟು ಹೊತ್ತು ನೆನೆಸಿದೆ ಎಂದು ಕೇಳಿದರೆ ಮನೆಯದೋ ಅಂಗಡಿಯದೋ ತಿಳಿಯುವುದಿಲ್ಲವೇ?

ಮರುದಿನ ಮಗಳ ಕೈಯಲ್ಲಿ ರಫ್ ಪುಸ್ತಕ ಕೊಟ್ಟು, ನಾನೂ ಜೊತೆಗೆ ಹೋದೆ. ಎಸ್ಸೆಸ್ಸೆಲ್ಸಿ ಓದಿದವಳು ಕಾಲೇಜಿನಲ್ಲಿ ಏನು ಮಾತಾಡೋದು ಅಂತ ಎದೆ ಡವಡವ. ನನ್ನ ಪುಣ್ಯಕ್ಕೆ ಹಿರಿಯ ಮೇಡಂ ಒಬ್ಬರು ಪುಸ್ತಕ ತಿರುವಿ ಹಾಕಿ, ಬೋರ್ಡೋ ದ್ರಾವಣ ಹೇಗೆ ಮಾಡ್ತೀಯಮ್ಮ ಎಂದು ಕೇಳಿದರು. ನೂರು ಲೀಟರ್ ನೀರಿಗೆ ಮೈಲುತುತ್ತ ಒಂದು ಕೇಜಿ, ಸುಣ್ಣ ಒಂದು ಕೇಜಿ. ಬೇರೆ ಬೇರೆ ಕರಗಿಸಿ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು. ಕತ್ತಿಯ ಅಲಗು ಅದ್ದಿ ನೋಡಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದಳು. "ಇದನ್ನ ಯಾರು ಹೇಳಿಕೊಟ್ರು?" "ನಮ್ಮಜ್ಜ, ತೋಟದಲ್ಲಿ."

ಇಪ್ಪತ್ತಕ್ಕೆ ಹದಿನಾಲ್ಕು ಬಂತು. ಆ ಸಾಫ್ಟ್‌ವೇರು ಮಾತ್ರ ಕಾಲೇಜಿನಲ್ಲಿ ಇನ್ನೂ ಇದೆ. ಅದಕ್ಕೇ ಮಗಳ ರಫ್ ಪುಸ್ತಕಗಳನ್ನು ನಾನೀಗ ಹಳೇ ಪೇಪರಿನವನಿಗೆ ಹಾಕುವುದಿಲ್ಲ. ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ಪಕ್ಕದಲ್ಲೇ ಇಟ್ಟಿದ್ದೇನೆ.