ಕೆರೆಗೆ ಹೋಗುವ ಮುನ್ನ

ಊರಿಗೆ ಹೊರಡುವುದೆಂದರೆ ನಮ್ಮ ಕಡೆಯ ಹೆಂಗಸರಿಗೆ ಮೊದಲು ನೆನಪಾಗುವುದು ರೊಟ್ಟಿ. ಎಷ್ಟು ಮಂದಿ, ಎಷ್ಟು ಹೊತ್ತು, ಒಬ್ಬೊಬ್ಬರಿಗೆ ಎಷ್ಟು ಎಂಬ ಲೆಕ್ಕ ಮುಗಿದ ಮೇಲೆಯೇ ಸೀರೆ, ಮಕ್ಕಳ ಅಂಗಿ, ಹಿರಿಯರ ಗುಳಿಗೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಂಡು, ಮೊಸರಿನ ಡಬ್ಬಿಯ ಬಾಯಿಗೆ ಬಟ್ಟೆ ಬಿಗಿದು, ಬಾಗಿಲಿಗೆ ಕೀಲಿ ಹಾಕಿದರೆ ಪ್ರವಾಸದ ಸಿದ್ಧತೆ ಮುಗಿಯಿತು. ಪುಸ್ತಕದ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ಇದ್ದರೆ ಬಸ್ ನಿಲ್ದಾಣದಲ್ಲಿ ಕೊಂಡ ಒಂದು ವಾರಪತ್ರಿಕೆ. ಅದೂ ಊರು ಮುಟ್ಟುವುದರೊಳಗೆ ಚುರುಮುರಿ ಹರವಲು ಹೋಗಿರುತ್ತದೆ.

ರಜೆಯಲ್ಲಿ ಕೆರೆ ನೋಡಲು ಹೊರಟವರು ಯಾವ ಪುಸ್ತಕ ಒಯ್ಯಬೇಕು ಎಂದು ಗೆಳತಿಯೊಬ್ಬಳು ಕೇಳಿದಳು. ಯಾವುದನ್ನೂ ಒಯ್ಯಬೇಡ, ಹೋಗುವ ಮೊದಲೇ ಓದು ಎಂದೆ. ಮಕ್ಕಳನ್ನು ಕಟ್ಟಿಕೊಂಡು ನೀರಿನ ದಂಡೆಗೆ ಹೋದ ತಾಯಿ ಮರದ ನೆರಳಿನಲ್ಲಿ ಪುಸ್ತಕ ಬಿಚ್ಚಿ ಕೂಡುವುದು ಸಿನಿಮಾದಲ್ಲಿ ಮಾತ್ರ. ನಮ್ಮ ಕಣ್ಣೆಲ್ಲ ಮೆಟ್ಟಿಲ ಮೇಲಿರುತ್ತದೆ, ಯಾರು ಜಾರುತ್ತಾರೋ ಎಂದು. ಆದರೆ ಓದಿಕೊಂಡು ಹೋದರೆ ಅದೇ ಕಣ್ಣಿಗೆ ನೀರಿನ ಜೊತೆ ಇನ್ನೂ ಏನೇನೋ ಕಾಣುತ್ತದೆ. ಹೋದ ವರ್ಷದ ದಸರೆ ರಜೆಯಲ್ಲಿ ನಮ್ಮ ಮನೆಯಲ್ಲಿ ಆದದ್ದು ಇದೇ.

ನಮ್ಮದು ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ. ತಾಲ್ಲೂಕಿನ ಪೂರ್ವದ ಅಂಚಿಗೆ ತುಂಗಭದ್ರೆ ಹರಿಯುತ್ತಾಳೆ. ನನ್ನ ನಾದಿನಿಯನ್ನು ಕೊಟ್ಟದ್ದು ಚನ್ನಗಿರಿ ಸೀಮೆಗೆ. ಅವಳು ಮದುವೆಯಾದಾಗಿನಿಂದಲೂ "ವೈನಿ, ಒಮ್ಮೆ ಎಲ್ಲಾರೂ ಬರ್ರಿ, ಕೆರಿ ನೋಡ್ಕೊಂಡು ಹೋಗ್ರಿ" ಎನ್ನುತ್ತಲೇ ಇದ್ದಳು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲ ಎಂದಾದ ಮೇಲೆ 'ಖರ್ಚು' ಎಂಬ ನಮ್ಮ ಹಳೆಯ ನೆಪವೂ ಹೋಯಿತು. ರಾಣೆಬೆನ್ನೂರು, ಹರಿಹರ, ದಾವಣಗೆರೆ, ಅಲ್ಲಿಂದ ಚನ್ನಗಿರಿಯ ದಾರಿ. ನಾನು, ಎಂಟನೆಯ ಇಯತ್ತೆಯ ಮಗಳು, ಅತ್ತೆಯವರು, ಮೂವರೇ ಹೊರಡುವುದೆಂದು ನಿಶ್ಚಯವಾಯಿತು.

ತೊಡಕು ಬಂದದ್ದು ಹೆಸರಿನಲ್ಲಿ. ಆ ಕೆರೆಗೆ ಸರ್ಕಾರಿ ಕಾಗದದಲ್ಲಿ ಶಾಂತಿಸಾಗರ ಎಂದಿದೆ. ಜನ ಕರೆಯುವುದು ಸೂಳೆಕೆರೆ ಎಂದು. ಅತ್ತೆಯವರು ಆ ಮಾತನ್ನು ಬಾಯಿಂದ ಆಡುವವರಲ್ಲ. ಮಗಳ ಮನೆಯ ಸುದ್ದಿ ಹೇಳುವಾಗಲೂ 'ಆ ಕೆರಿ' ಎಂದೇ ಮುಗಿಸುತ್ತಾರೆ. ನನ್ನ ಮಗಳು ಶಾಲೆಯಲ್ಲಿ ರಜೆಗೆ ಎಲ್ಲಿಗೆ ಹೋಗುತ್ತೀ ಎಂದು ಕೇಳಿದಾಗ ಹೆಸರು ಹೇಳಿ, ಹುಡುಗರೆಲ್ಲ ನಕ್ಕರಂತೆ. ಮನೆಗೆ ಬಂದವಳೇ ಚೀಲ ಬಿಸುಟು ಕೇಳಿದಳು: "ಅವ್ವಾ, ಅಷ್ಟು ದೊಡ್ಡ ಕೆರಿಗೆ ಬೈಗುಳದ ಹೆಸರು ಯಾಕಿಟ್ರು? ನಾ ಬರಂಗಿಲ್ಲ."

ಹದಿಮೂರರ ಹುಡುಗಿಗೆ ಈ ಪ್ರಶ್ನೆ ಸಣ್ಣದಲ್ಲ. ಈ ವಯಸ್ಸಿನಲ್ಲಿಯೇ ಹೆಣ್ಣುಮಕ್ಕಳ ಕಿವಿಗೆ ಆ ಬೈಗುಳ ಮೊದಲ ಸಲ ಬೀಳುತ್ತದೆ, ಬೀದಿಯಲ್ಲಿಯೋ ಬಸ್ಸಿನಲ್ಲಿಯೋ. 'ಏನೋ ಹಳೇ ಕಾಲದ್ದು, ಬಿಡು' ಎಂದು ಹಾರಿಸಿಬಿಡುವುದು ಸುಲಭವಿತ್ತು. ನನಗೆ ಮನಸ್ಸಾಗಲಿಲ್ಲ. ಹೊರಡಲು ಇನ್ನೂ ಎರಡು ವಾರವಿತ್ತು. ಹುಡುಕೋಣ, ಓದೋಣ, ಆಮೇಲೆ ಬರುವುದು ಬಿಡುವುದು ನಿನಗೇ ಬಿಟ್ಟದ್ದು ಎಂದೆ.

ಮೊದಲು ಸಿಕ್ಕಿದ್ದು ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್, 1897ರ ಪರಿಷ್ಕೃತ ಆವೃತ್ತಿ. ಇಂಗ್ಲಿಷಿನದು, ಮೈದುನನ ಮಗ ಮೊಬೈಲಿನಲ್ಲಿ ತೆಗೆದುಕೊಟ್ಟ. ಇಂದಿನ ದಾವಣಗೆರೆ ಜಿಲ್ಲೆ ಹುಟ್ಟಿದ್ದು ನಮ್ಮ ಹಾವೇರಿಯ ಹಾಗೆಯೇ 1997ರಲ್ಲಿ. ಆದ್ದರಿಂದ ಹಳೆಯ ಪುಸ್ತಕದಲ್ಲಿ ಚನ್ನಗಿರಿಯನ್ನು ಶಿವಮೊಗ್ಗದಲ್ಲಿ ಹುಡುಕಬೇಕು. ರಾತ್ರಿ ಊಟವಾದ ಮೇಲೆ ನಾನು ಓದುತ್ತ ಕನ್ನಡದಲ್ಲಿ ಹೇಳುತ್ತ ಹೋದೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಹರಿದ್ರಾ ಎಂಬ ಹೊಳೆಯನ್ನು ತಡೆದು ಕಟ್ಟಿದ ಏರಿ. ಉದ್ದ ಹೆಚ್ಚಿಲ್ಲ, ಎತ್ತರ ಮತ್ತು ಗಟ್ಟಿತನ ಅಪಾರ. ಹನ್ನೊಂದನೆಯದೋ ಹನ್ನೆರಡನೆಯದೋ ಶತಮಾನದ ಕೆಲಸ, ಶತಮಾನಗಟ್ಟಲೆ ಅಲುಗದೆ ನಿಂತಿದೆ ಎಂದು ರೈಸ್ ಸಾಹೇಬರು ಮೆಚ್ಚಿ ಬರೆದಿದ್ದಾರೆ. ಈಗಿನ ಲೆಕ್ಕದಲ್ಲಿ ಕೆರೆ ತುಂಬಿದಾಗ ನೀರು ಹರಡುವುದು ಸುಮಾರು 6,550 ಎಕರೆ. ಅದರ ನೀರು ಹರಿದ್ರಾ ಹೊಳೆಯಾಗಿ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ.

ಅಲ್ಲಿಯವರೆಗೆ ಬತ್ತಿ ಹೊಸೆಯುತ್ತ ಕೇಳಿಸದ ಹಾಗೆ ಕೂತಿದ್ದ ಅತ್ತೆಯವರು ತಲೆ ಎತ್ತಿದರು. "ಹರಿಹರದಾಗ ಕೂಡಿದ ನೀರು ಮುಂದ ನಮ್ಮ ಕಡೀಗೇ ಬರ್ತೈತಲ್ಲ. ಹಂಗಾರ ನಮ್ಮ ಹೊಳೀಗೆ ಆ ಕೆರಿ ತವರುಮನಿ ಆತು."

ಇನ್ನು ಹೆಸರಿನ ಕಥೆ. ಗೆಜೆಟಿಯರಿನ ಪ್ರಕಾರ ಕೆರೆ ಕಟ್ಟಿಸಿದವಳು ಒಬ್ಬ ರಾಜನ ಮಗಳು. ದೇವಾಂಶದ ಪುರುಷನೊಬ್ಬನೊಡನೆ ಸಂಬಂಧ ಬೆಳೆಸಿದ್ದಕ್ಕೆ ಪ್ರಾಯಶ್ಚಿತ್ತವೆಂದು ಕೆರೆ ಕಟ್ಟಿಸಿದಳು. ತಂದೆಯ ಪಟ್ಟಣ ಆ ನೀರಿನಲ್ಲಿ ಮುಳುಗಿತು. ಸಿಟ್ಟಿಗೆದ್ದ ತಂದೆ ಇದು ಸೂಳೆಯ ಕೆರೆಯಾಗಲಿ ಎಂದು ಶಪಿಸಿದ. ಆ ಸೀಮೆಯ ಜನರ ಬಾಯಲ್ಲಿರುವ ಕಥೆ ಬೇರೆ. ಅದನ್ನು ನಾದಿನಿ ಫೋನಿನಲ್ಲಿ ಹೇಳಿದಳು. ರಾಜಕುಮಾರಿಯ ಹೆಸರು ಶಾಂತವ್ವೆ. ಕೆರೆಗೆ ಬೇಕಾದ ಜಾಗದಲ್ಲಿ ಸೂಳೆಯರ ಕೇರಿ ಇತ್ತು. ಅವರು ಮನೆಮಾರು ಬಿಟ್ಟುಕೊಡಲು ಒಪ್ಪಿದರು, ಒಂದೇ ಷರತ್ತು: ಕೆರೆಗೆ ನಮ್ಮ ಹೆಸರಿರಬೇಕು. ಶಾಂತವ್ವೆ ಮಾತು ಕೊಟ್ಟಳು, ನಡೆಸಿದಳು.

ಒಂದೇ ಹೆಸರು. ಒಂದು ಕಥೆಯಲ್ಲಿ ಅದು ಅಪ್ಪನ ಶಾಪ, ಇನ್ನೊಂದರಲ್ಲಿ ಹೆಂಗಸರು ಹೆಂಗಸರಿಗೆ ಕೊಟ್ಟ ವಚನ. ಯಾವುದು ನಿಜ ಎಂದು ಮಗಳು ಕೇಳಿದಳು. ಎರಡೂ ದಂತಕಥೆ, ಏರಿ ಮಾತ್ರ ಕಣ್ಣೆದುರಿನ ನಿಜ ಎಂದೆ. ಅವಳು ಏನೂ ಹೇಳದೆ ಎದ್ದುಹೋದಳು.

ಮರುದಿನ ಓದಿದ್ದು 'ಕೆರೆಗೆ ಹಾರ'. ಶಾಲೆಯ ಪಾಠದಲ್ಲಿ ನಮ್ಮಲ್ಲಿ ಬಹಳ ಮಂದಿ ಅದನ್ನು ಓದಿದ್ದೇವೆ, ಕಣ್ಣೀರು ಹಾಕಿದ್ದೇವೆ, ಪರೀಕ್ಷೆಯಲ್ಲಿ ಭಾಗೀರಥಿಯ ತ್ಯಾಗದ ಬಗ್ಗೆ ಹತ್ತು ಸಾಲು ಬರೆದಿದ್ದೇವೆ. ನಲವತ್ತು ದಾಟಿದ ಮೇಲೆ, ಮನೆಯಲ್ಲಿ ಸೊಸೆಯಾಗಿ ಬಾಳಿದ ಮೇಲೆ ಓದಿದರೆ ಅದು ಬೇರೆಯೇ ಹಾಡು. ಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರು ಎಂದು ಕಿರಿಸೊಸೆಯನ್ನು ಆರಿಸಿದರು. ಗಂಡ ದಂಡಿನಲ್ಲಿದ್ದ. ಅವಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಬೇಕೆಂದೇ ಬಿಟ್ಟುಬಂದ ಬಂಗಾರದ ಬಟ್ಟಲು ತರಲು ಅವಳೇ ತಿರುಗಿ ಹೋಗಬೇಕಾಯಿತು.

ಹಾಡು ಅತ್ತೆಯವರಿಗೆ ಬಾಯಿಪಾಠ. ಅಕ್ಷರ ಬಾರದು, ಆದರೆ ಬೀಸುವಾಗ ಕುಟ್ಟುವಾಗ ಅವರ ತಾಯಿ ಹಾಡಿದ್ದು ಒಂದು ಸಾಲು ತಪ್ಪದೆ ನೆನಪಿದೆ. ನಾನು ಓದುವುದನ್ನು ನಿಲ್ಲಿಸಿ ಅವರಿಂದಲೇ ಹಾಡಿಸಿದೆ. ಹಾಡು ಮುಗಿದ ಮೇಲೆ ಮೂವರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಆಮೇಲೆ ಅವರೇ ಅಂದರು: "ನುಂಗಿಸಿಕೊಂಡಾಕಿ ಗರತಿ ಆದ್ಲು. ಕಟ್ಟಿಸಿದಾಕಿ ಬೈಗುಳ ತಿಂದ್ಲು. ಕೆರಿ ನೀರು ಮಾತ್ರ ಎಲ್ಲಾರೂ ಕುಡಿದ್ರು."

ಎಪ್ಪತ್ತೆರಡು ವರ್ಷದ ಆ ಜೀವ ಇಷ್ಟು ದೊಡ್ಡ ಮಾತನ್ನು ಬತ್ತಿ ಹೊಸೆಯುತ್ತಲೇ ಆಡಿತು. ಗೆಜೆಟಿಯರನ್ನೂ ಹಾಡನ್ನೂ ಬೇರೆ ಬೇರೆಯಾಗಿ ಎಷ್ಟು ಸಲ ಓದಿದ್ದರೂ ನನಗೆ ಹೊಳೆಯುತ್ತಿತ್ತೋ ಇಲ್ಲವೋ. ಮಗಳು ಅಜ್ಜಿಯ ಮೊಣಕಾಲಿಗೆ ಒರಗಿ, "ನಾನೂ ಬರ್ತೀನಿ" ಎಂದಳು.

ಮಗಳು ತಾನೇ ಆರಿಸಿ ಓದಿದ್ದು ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ'. ಹಳ್ಳಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರು ಬಂದಿದೆ. ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ. ಕೆರೆ ಎಂದರೆ ಹಕ್ಕಿ ಇದ್ದೇ ಇರುತ್ತದೆ. 'ಬೆಳ್ಳಗಿನ ಹಕ್ಕಿ', 'ಕರ್ರಗಿನ ಹಕ್ಕಿ' ಎಂದು ಬೆರಳು ತೋರಿಸುವುದಕ್ಕೂ, ಹೆಸರು ಹಿಡಿದು ಗುರುತಿಸುವುದಕ್ಕೂ ಎಷ್ಟು ಅಂತರ! ದೂರ ಹೋಗಲಾಗದವರಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ ಇದೆ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನೇ ದಾಟಿ ಅಲ್ಲಿಗೆ ಬರುತ್ತವೆ. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಗುರುತು ತಪ್ಪುವ ಹಾಗಿಲ್ಲ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು, ಎಂದರೆ ಜಗತ್ತಿನ ಮಹತ್ವದ ಜಲತಾಣಗಳಲ್ಲಿ ಒಂದಾಯಿತು. ಓದದೆ ಹೋದವರಿಗೆ ಅವು ಬರೀ ಬಾತುಕೋಳಿ.

ಬಸ್ಸಿನ ದಾರಿಗೆಂದು ನಾನು ಚೀಲದಲ್ಲಿ ಇಟ್ಟುಕೊಂಡದ್ದು ಒಂದೇ ಪುಸ್ತಕ, ಎಂ.ಕೆ. ಇಂದಿರಾ ಅವರ 'ತುಂಗಭದ್ರಾ'. ಅದು ಮಲೆನಾಡಿನ ಬದುಕಿನ ಕಥೆ. 1963ರಲ್ಲಿ ಬಂದ ಅವರ ಮೊದಲ ಕಾದಂಬರಿ. ಅವರು ಹುಟ್ಟಿದ್ದು 1917ರಲ್ಲಿ, ಲೆಕ್ಕ ನೀವೇ ಹಾಕಿ. ಚಿಕ್ಕಂದಿನಲ್ಲೇ ಮದುವೆಯಾಗಿ, ಸಂಸಾರ ನಡೆಸಿ, ನಲವತ್ತೈದರ ಸುಮಾರಿಗೆ ಲೇಖನಿ ಹಿಡಿದ ಹೆಣ್ಣುಮಗಳು. ಅದನ್ನು ನಾದಿನಿಯ ಮನೆಯಲ್ಲಿ ಬಿಟ್ಟುಬಂದೆ. ಪಿಯುಸಿಗೆ ಓದು ನಿಲ್ಲಿಸಿ ಮದುವೆಯಾದವಳು ಅವಳು. "ಓದಾಕ ಪುರಸೊತ್ತು ಎಲ್ಲೈತಿ ವೈನಿ" ಎನ್ನುತ್ತಲೇ ತೆಗೆದುಕೊಂಡು ದಿಂಬಿನ ಕೆಳಗೆ ಇಟ್ಟಳು.

ಕೆರೆಗೆ ಹೋದದ್ದು ಎರಡನೆಯ ದಿನ ಬೆಳಿಗ್ಗೆ. ಆಚೆ ದಡ ಮಂಜಿನಲ್ಲಿ ಕರಗಿತ್ತು. ಅತ್ತೆಯವರು ಮೊರದಲ್ಲಿ ಅರಿಶಿಣ, ಕುಂಕುಮ, ಹಸಿರು ಬಳೆ, ಕುಪ್ಪಸದ ಖಣ ಇಟ್ಟು ಬಾಗಿನ ಸಿದ್ಧಮಾಡಿಕೊಂಡಿದ್ದರು. ತುಂಬಿದ ನೀರಿಗೆ ಗಂಗವ್ವನ ಹೆಸರಿನಲ್ಲಿ ಬಾಗಿನ ಬಿಡುವುದು ನಮ್ಮ ರೂಢಿ. ಅವರು ಮೊರವನ್ನು ನೀರಿಗೆ ತಾಗಿಸಿ, ಸೆರಗು ಸರಿಮಾಡಿಕೊಂಡು, "ತಗೋಳವ್ವಾ ಶಾಂತವ್ವಾ, ನಿನ್ನ ಕೂಡ ಮನಿ ಬಿಟ್ಟುಕೊಟ್ಟವ್ರಿಗೂ ಐತಿ ಇದು" ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ಎಲ್ಲಿಗೆ ಹೋಗಿದ್ರಿ ಎಂದು ಕೇಳಿದಳು. ಅತ್ತೆಯವರು ಗಟ್ಟಿ ದನಿಯಲ್ಲಿ "ಸೂಳೆಕೆರಿಗೆ" ಎಂದರು. ಮಗಳು ನನ್ನ ಮುಖ ನೋಡಿದಳು.

ಕೆರೆಯಿಲ್ಲದ ಊರು ನಮ್ಮ ನಾಡಿನಲ್ಲಿ ಕಡಿಮೆ. ನಮ್ಮ ಜಿಲ್ಲೆಯಲ್ಲೇ ನೋಡಿ, ಹಿರೇಕೆರೂರಿನ ಹೆಸರಿನಲ್ಲೇ ಕೆರೆ ಇದೆ. ನಿಮ್ಮ ಊರಿನದನ್ನು ಯಾರು ಕಟ್ಟಿಸಿದರು, ಯಾವ ಹೊಳೆಯ ನೀರು, ಏರಿಯ ಮೇಲೆ ಶಾಸನವಿದೆಯೇ, ಯಾವ ಹೆಂಗಸಿನ ಕಥೆ ಅದರ ತಳದಲ್ಲಿದೆ, ಇಷ್ಟನ್ನು ಹೊರಡುವ ಮುಂಚೆ ಓದಿಕೊಳ್ಳಿ. ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಅವರ ಎದುರಿಗೆ ಗಟ್ಟಿಯಾಗಿ ಓದಿ. ನಮ್ಮ ಸೀಮೆಯ ಗಳಗನಾಥರು ಒಂದು ಕಾಲದಲ್ಲಿ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅವರು ನಡೆದ ದೂರಕ್ಕೆ ಹೋಲಿಸಿದರೆ ಗ್ರಂಥಾಲಯದ ತನಕ ಹೋಗಿಬರುವುದು ನಮಗೇನು ಹೆಚ್ಚಲ್ಲ. ರೊಟ್ಟಿಯನ್ನು ಹೊರಡುವ ಹಿಂದಿನ ರಾತ್ರಿ ಬಡಿದರೂ ನಡೆಯುತ್ತದೆ; ಪುಸ್ತಕಕ್ಕೆ ಮಾತ್ರ ಎರಡು ವಾರ ಮುಂಚೆಯೇ ಹೋಗಿ.